ಸಾರಿನ ಪುಡಿ ಡಬ್ಬಿಯ ಮೇಲಿನ ಚೀಟಿ

ಅಕ್ಕ ಹೋಗಿ ಏಳು ತಿಂಗಳಾಯಿತು. ಅವಳ ಸೀರೆಗಳನ್ನು ಕೊಟ್ಟಾಯಿತು. ಕನ್ನಡಕವನ್ನೂ ಕೊಟ್ಟೆ. ಕೊಡಲಾಗದೆ ಉಳಿದದ್ದು ಅಡುಗೆಮನೆಯ ಒಂದು ಸ್ಟೀಲ್ ಡಬ್ಬಿ. ಅದರ ಮುಚ್ಚಳದ ಮೇಲೆ ಅಕ್ಕ ಸೊಟ್ಟ ಅಕ್ಷರದಲ್ಲಿ ಬರೆದು ಅಂಟಿಸಿದ ಚೀಟಿಯಿದೆ. ಆ ಚೀಟಿ ಯಾಕೆ ಬಂತು ಎಂಬುದನ್ನು ನಾನು ಯಾರಿಗೂ ಪೂರ್ತಿ ಹೇಳಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ ತನಕ, ಬರೆದು ಅಭ್ಯಾಸವಿಲ್ಲ. ಆದರೆ ಹೇಳಲು ಹೋದರೆ ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಬರೆಯುವಾಗ ಹಾಗೆ ಬಿಡುವುದಿಲ್ಲ.

ತ್ರಿಪ್ಲಿಕೇನಿನಲ್ಲಿ ನಮ್ಮದು ಮಹಡಿಯ ಮೇಲಿನ ಎರಡು ಕೋಣೆ. ಕೆಳಗಡೆ ಒಂದು ಮೆಸ್ಸು, ಎದುರಿಗೆ ಲಾಡ್ಜು. ಅಪ್ಪ ರೈಲ್ವೆ ಕೆಲಸಕ್ಕೆಂದು ಮೈಸೂರು ಕಡೆಯಿಂದ ಬಂದವರು ಇಲ್ಲೇ ಉಳಿದರು. ಅಕ್ಕ ಮದುವೆಯಾಗಲಿಲ್ಲ. ಇನ್ಶೂರೆನ್ಸ್ ಕಚೇರಿಯಲ್ಲಿ ಕ್ಲೇಮು ನೋಡುವ ವಿಭಾಗದಲ್ಲಿದ್ದು ರಿಟೈರಾದಳು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವಳ ಮನೆಗೇ ಬಂದೆ. ಅಂದಿನಿಂದ ಹೊರಗಿನದೆಲ್ಲ ಅವಳದು, ಒಲೆಯ ಮುಂದಿನದೆಲ್ಲ ನನ್ನದು. ಅವಳು ಒಂದು ದಿನವೂ ಅಡುಗೆಮನೆಯ ಡಬ್ಬಿ ತೆರೆದು ನೋಡಿದವಳಲ್ಲ. ನಾನು ಒಂದು ದಿನವೂ ಬ್ಯಾಂಕಿನ ಕಾಗದ ಓದಿದವಳಲ್ಲ. ನಾನು ಬಡಿಸಿದ್ದನ್ನು ಅವಳು ತಿನ್ನುತ್ತಿದ್ದಳು, ಅವಳು ಬೆರಳಿಟ್ಟು ತೋರಿಸಿದ ಕಡೆ ನಾನು ಸಹಿ ಹಾಕುತ್ತಿದ್ದೆ. ಇಪ್ಪತ್ತು ವರ್ಷ ಹೀಗೆ ನಡೆಯಿತು.

ಅವಳ ಕತ್ತಿನಲ್ಲಿ ಗಂಟು ಕಂಡಾಗ ಹಲ್ಲಿನ ತೊಂದರೆ ಎಂದುಕೊಂಡೆವು. ಅದು ಲಿಂಫ್ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾದ ದಿನ ಅಕ್ಕ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು, “ಸರಿ, ಇನ್ನೊಂದು ಫೈಲು ತೆಗೀಬೇಕು” ಎಂದಳು. ಅಷ್ಟೇ. ಸಂಜೆ ನಿಜವಾಗಿಯೂ ಹೊಸ ಫೈಲು ತಂದು, ರಿಪೋರ್ಟುಗಳಿಗೆ ತೂತು ಹೊಡೆದು ದಾರ ಕಟ್ಟಿದಳು.

ಮೂರು ವಾರಕ್ಕೊಮ್ಮೆ ಡ್ರಿಪ್ಪು ಹಾಕುತ್ತಿದ್ದರು. ಪ್ರತಿ ಸಲವೂ ಮೊದಲು ಒಂದು ಹಾಳೆ ಕೊಡುವರು. ಜ್ವರವಿದೆಯೇ, ಬೇರೆ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ, ಆಯುರ್ವೇದ, ಸಿದ್ಧ, ನಾಟಿ ಮದ್ದು ಏನಾದರೂ ಇದೆಯೇ ಎಂದು ಅದರಲ್ಲಿ ಪ್ರಶ್ನೆಗಳು. ಉಳಿದವರು ಓದದೆ ಸಹಿ ಹಾಕಿ ಕೊಡುತ್ತಿದ್ದರು. ಅಕ್ಕ ಕನ್ನಡಕ ಹಾಕಿಕೊಂಡು ಒಂದೊಂದು ಸಾಲಿನ ಕೆಳಗೂ ಪೆನ್ನು ಎಳೆದು ಓದಿ, ಇಲ್ಲ, ಇಲ್ಲ, ಇಲ್ಲ ಎಂದು ಗುರುತು ಮಾಡಿ, ತನ್ನದೇ ಪೆನ್ನಿನಿಂದ ಸಹಿ ಹಾಕುತ್ತಿದ್ದಳು.

ಮೊದಲ ಸಲ ಹೋದಾಗಲೇ ಅಲ್ಲಿನ ಒಬ್ಬ ನರ್ಸು ಒಂದು ಮಾತು ಹೇಳಿದಳು. ಒಂದು ಔಷಧಿ ಕೆಂಪಗಿತ್ತು, ನೋಡಿದರೆ ಭಯವಾಗುತ್ತಿತ್ತು. ಇನ್ನೊಂದು ನೀರಿನ ಹಾಗಿತ್ತು, ಅಳತೆಯೂ ಸ್ವಲ್ಪವೇ. ನಾನು ಅದನ್ನೇ ನೋಡುತ್ತಿದ್ದದ್ದನ್ನು ಕಂಡು ಆ ಹುಡುಗಿ ತಮಿಳಿನಲ್ಲಿ, “ಭಯಪಡಬೇಡಿ ಅಮ್ಮಾ, ಇದು ನಿತ್ಯಕಲ್ಯಾಣಿ ಗಿಡದಿಂದ ತೆಗೆಯೋದು” ಎಂದಳು.

“ಯಾವ ನಿತ್ಯಕಲ್ಯಾಣಿ?”

“ಅದೇ ಅಮ್ಮಾ, ರೋಡ್ ಪಕ್ಕ ಬೆಳೆಯತ್ತಲ್ಲ, ರೋಸ್ ಕಲರ್ ಹೂವು.”

ಅದು ನಮ್ಮ ತಾರಸಿಯಲ್ಲೇ ಇತ್ತು. ಹಳೆಯ ಪೇಂಟ್ ಬಕೆಟ್ಟಿನಲ್ಲಿ ತಾನಾಗಿ ಹುಟ್ಟಿಕೊಂಡದ್ದು. ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಐದೆಸಳಿನ ಹೂ ಬಿಡುತ್ತಿತ್ತು. ನಾನು ಅದನ್ನು ದೇವರಿಗೆ ಇಡುತ್ತಿದ್ದೆ. ಪಕ್ಕದ ಮನೆಯವರು ಒಳಗೆ ತರುತ್ತಿರಲಿಲ್ಲ, ಸುಡುಗಾಡಿನಲ್ಲಿ ಬೆಳೆಯುವ ಹೂವು ಎಂದು ಅವರ ಕಡೆ ಲೆಕ್ಕ. ಮನೆಗೆ ಬಂದವಳೇ ತಾರಸಿಗೆ ಹತ್ತಿ ಆ ಗಿಡದ ಮುಂದೆ ನಿಂತೆ. ಅಷ್ಟು ದಿನ ದಿನವೂ ನೋಡಿದ ಗಿಡ. ಕೈ ಮುಗಿಯಬೇಕೆನ್ನಿಸಿತು, ಮುಗಿದೆ.

ಆ ಸಂಜೆಯೇ ಅಕ್ಕನನ್ನು ಕೇಳಿದೆ. “ಅಕ್ಕ, ಅದರದ್ದು ನಾಲ್ಕು ಎಲೆ ಕುದಿಸಿ ಕೊಡ್ಲಾ? ಹೇಗೂ ಅದೇ ಔಷಧಿ ತಾನೇ?”

“ಆ ಹೂವನ್ನ ದೇವರಿಗಿಡು. ನನಗಿಡಬೇಡ.”

“ಗಿಡದಿಂದ ತಾನೇ ತೆಗೆಯೋದು ಅಂದಳು ಅವಳು.”

“ಹತ್ತಿಯಿಂದ ಸೀರೆ ಆಗತ್ತೆ ಅಂತ ಹತ್ತಿ ಗಿಡ ಸುತ್ಕೊಂಡು ಕಡಲೆಕಾಯಿ ತರಕ್ಕೆ ಹೋಗ್ತೀಯೇನೇ ನೀನು?”

ನಾನು ನಕ್ಕುಬಿಟ್ಟೆ. ಅವಳೂ ನಕ್ಕಳು. ಮಾತು ಅಲ್ಲಿಗೆ ಮುಗಿಯಬೇಕಿತ್ತು.

ಎರಡನೆಯ ಡ್ರಿಪ್ಪಿನ ಹೊತ್ತಿಗೆ ಅವಳ ತಲೆಕೂದಲು ದಿಂಬಿನ ಮೇಲೆ ಉಳಿಯತೊಡಗಿತು. ಬೆರಳ ತುದಿಗಳು ಜುಮ್ಮೆನ್ನುತ್ತಿದ್ದವು. ರವಿಕೆಯ ಹುಕ್ಕು ನಾನೇ ಹಾಕಬೇಕಾಯಿತು. ತಿಂದದ್ದೆಲ್ಲ ತಗಡು ನೆಕ್ಕಿದ ಹಾಗಿದೆ ಎನ್ನುತ್ತಿದ್ದಳು. ಅವಳಿಗೆ ಬೇಕಾದದ್ದೆಲ್ಲ ಆಸ್ಪತ್ರೆಯವರೇ ಮಾಡುತ್ತಿದ್ದರು. ನನ್ನ ಕೈಲಿ ಏನೂ ಇರಲಿಲ್ಲ. ಹುಕ್ಕು ಹಾಕುವುದು, ಬಕೆಟ್ಟು ಹಿಡಿಯುವುದು, ಅಷ್ಟೇ. ಫೋನಿನಲ್ಲಿ ಯಾರ್ಯಾರೋ ಕಳಿಸುತ್ತಿದ್ದರು: ಅರಿಶಿನಕ್ಕೆ ಕಾಳುಮೆಣಸು ಸೇರಿಸಿದರೆ ಕ್ಯಾನ್ಸರ್ ಕರಗುತ್ತದೆ, ಇಂಥ ಎಲೆಯ ಕಷಾಯಕ್ಕೆ ಡಾಕ್ಟರುಗಳೇ ಬೆರಗಾದರು, ಹೀಗೆ. ಅಕ್ಕನಿಗೆ ತೋರಿಸಿದರೆ, “ಈ ವಾಟ್ಸಪ್ ಡಾಕ್ಟರು ಎಲ್ಲಿ ಓದಿದ್ದಂತೆ? ಕೇಳು” ಎನ್ನುತ್ತಿದ್ದಳು. ನನಗೆ ಅವುಗಳಲ್ಲಿ ಎಲ್ಲದರ ಮೇಲೂ ನಂಬಿಕೆಯಿರಲಿಲ್ಲ. ಆದರೆ ಆ ನರ್ಸು ಹೇಳಿದ್ದು ವಾಟ್ಸಪ್ಪಿನದಲ್ಲವಲ್ಲ. ಅದು ನಿಜ. ಮೇಲೆ ತಾರಸಿಯಲ್ಲಿ ನಿಜವಾದ ಔಷಧಿ ಅರಳಿ ಉದುರುತ್ತಿದೆ, ಕೆಳಗೆ ಕೋಣೆಯಲ್ಲಿ ಅಕ್ಕ ಸೊರಗುತ್ತಿದ್ದಾಳೆ. ಇದು ನನ್ನನ್ನು ಕೂರಲು ಬಿಡಲಿಲ್ಲ.

ಪೊಂಗಲ್ ಕಳೆದ ಹೊಸತು. ಶುಕ್ರವಾರ ಪಲ್ಲಾವರಂ ಸಂತೆಗೆ ಹೋಗಿ ಎಲೆಯೊಡನೆ ಕಟ್ಟಿ ಮಾರುವ ಹಸಿ ಅರಿಶಿನ ತಂದೆ. ಮಧ್ಯಾಹ್ನ ಅಕ್ಕ ಮಲಗಿದಾಗ ನಿತ್ಯಕಲ್ಯಾಣಿಯ ಎಲೆ ಹೂವು ಬಿಡಿಸಿ, ಹೆಚ್ಚಿದ ಅರಿಶಿನದ ಜೊತೆ ಪೇಪರಿನ ಮೇಲೆ ನೆರಳಿನಲ್ಲಿ ಹರಡಿ ಒಣಗಿಸಿದೆ. ಮನೆಯಲ್ಲಿ ಸಾರಿನ ಪುಡಿ ಮುಗಿಯುತ್ತ ಬಂದಿತ್ತು. ಮೆಣಸಿನಕಾಯಿ, ಧನಿಯ, ಜೀರಿಗೆ, ಮೆಂತ್ಯ ಎಂದಿನಂತೆ ಹುರಿದೆ. ಕಾಳುಮೆಣಸು ಎರಡರಷ್ಟು, ಅರಿಶಿನ ಮೂರರಷ್ಟು ಹಾಕಿದೆ. ಒಣಗಿದ ಎಲೆಯನ್ನು ಎರಡು ಹಿಡಿ ಸೇರಿಸಿ ಮಿಲ್ಲಿಗೆ ಒಯ್ದೆ.

ಮಿಲ್ಲಿನವನು ಬೆರಳಲ್ಲಿ ಪುಡಿ ತೆಗೆದು ನೋಡಿ, “ಏನು ಮಾಮಿ, ಈ ಸಲ ಹಸಿರಾಗಿದೆ?” ಎಂದ.

“ಕರಿಬೇವು ಜಾಸ್ತಿ ಆಯ್ತಪ್ಪ” ಎಂದೆ.

ಅದೇ ಮೊದಲ ಸುಳ್ಳು. ಬಹಳ ಸುಲಭವಾಗಿ ಬಂತು.

ಅಕ್ಕನಿಗೆ ಕಹಿ ಗೊತ್ತಾಗಲಿಲ್ಲ. ಅವಳ ನಾಲಿಗೆಗೆ ಮೆಣಸಿನ ಖಾರವೊಂದೇ ಮುಟ್ಟುತ್ತಿತ್ತು. “ಇದೊಂದು ರುಚಿ ಸಿಗತ್ತೆ ನೋಡು, ಇನ್ನೊಂದು ಸೌಟು ಹಾಕು” ಎಂದಳು. ನಾನು ಹಾಕಿದೆ. ಎಷ್ಟೋ ದಿನಗಳ ಮೇಲೆ ಅವಳು ಕೇಳಿ ಹಾಕಿಸಿಕೊಂಡದ್ದು. ನಾನು ಒಳಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತುಕೊಂಡೆ. ಕೊನೆಗೂ ನನ್ನ ಕೈಯಿಂದಲೂ ಅವಳಿಗೆ ಏನೋ ಹೋಗುತ್ತಿದೆ ಎಂಬ ಸಮಾಧಾನ. ಅದೇ ಸಾರನ್ನು ನಾನೂ ತಿಂದೆ. ಬೆಳಿಗ್ಗೆ ಎದ್ದಾಗ ನನಗೂ ತಲೆ ಸುತ್ತುತ್ತಿತ್ತು. ನನಗೆ ಸಕ್ಕರೆ ಕಾಯಿಲೆಯಿದೆ, ಓಡಾಟ ಹೆಚ್ಚಾಯಿತು, ಅದಕ್ಕೇ ಇರಬೇಕು ಎಂದುಕೊಂಡೆ.

ನಾಲ್ಕನೆಯ ಡ್ರಿಪ್ಪಿಗೆ ಹೋದಾಗ ಡಾಕ್ಟರಮ್ಮ ರಕ್ತದ ರಿಪೋರ್ಟನ್ನು ಎರಡು ಸಲ ಓದಿದರು. ನಡುವಯಸ್ಸಿನ ಹೆಂಗಸು, ಅನವಶ್ಯಕ ಮಾತಾಡುವವರಲ್ಲ. ಲಿವರಿನ ಅಂಕಿಗಳು ಏರಿವೆ, ಬಿಳಿ ರಕ್ತಕಣ ನಾವು ಅಂದುಕೊಂಡಿದ್ದಕ್ಕಿಂತ ಕೆಳಗಿಳಿದಿದೆ, ಈ ದಿನ ಕೊಡಲಾಗುವುದಿಲ್ಲ ಎಂದರು.

“ಬೇರೆ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ? ಕಷಾಯ, ಲೇಹ್ಯ?”

“ನಾನು ಹೊರಗಿನದೇನೂ ಮುಟ್ಟೋದಿಲ್ಲ ಡಾಕ್ಟರ್” ಎಂದಳು ಅಕ್ಕ. “ಬರೆದು ಕೊಟ್ಟಿದೀನಲ್ಲ. ತಂಗಿ ಮಾಡಿದ ಅನ್ನ ಸಾರು, ಅಷ್ಟೇ.”

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಚೀಲದ ಹಿಡಿ ಸರಿಮಾಡಿಕೊಂಡೆ. ಹೇಳಬೇಕಿತ್ತು. ಆಗಲೇ ಹೇಳಿದ್ದರೆ ಎಂದು ಈಗ ದಿನವೂ ಅನ್ನಿಸುತ್ತದೆ. ಆಗ ಮಾತ್ರ ಅದು ಔಷಧಿಯಲ್ಲ, ಸಾರು ತಾನೇ ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದು ಡಬ್ಬಿಯನ್ನು ಹಿಂದಕ್ಕೆ ತಳ್ಳಿ, ಎರಡು ದಿನ ಬರೀ ತೊವ್ವೆ ಮಾಡಿದೆ.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಸೀರೆ ಉಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು ಫೈಲು ಹಿಡಿದು ನಿಂತಿದ್ದಳು.

“ಎಲ್ಲಿಗಕ್ಕ?”

“ಮೆಡಿಕಲ್ ಶಾಪಿಗೆ. ಎಲ್ಲಾ ತಾಳೆ ನೋಡಿದೆ. ಹೋದ ತಿಂಗಳು ಅವನು ಒಂದು ಮಾತ್ರೆಗೆ ಬೇರೆ ಕಂಪನೀದು ಕೊಟ್ಟಿದಾನೆ. ಅದರಿಂದಲೇ ಆಗಿರೋದು. ಕೇಳ್ತೀನಿ ಅವನನ್ನ, ನಾಲ್ಕು ಜನದ ಮುಂದೆ.”

ಆ ಅಂಗಡಿಯವನು ಪಾಪದವನು. ಅಕ್ಕನಿಗೆ ಇಳಿದು ಹೋಗಲಾಗದಿದ್ದಾಗ ತಾನೇ ಮಹಡಿ ಹತ್ತಿ ಮಾತ್ರೆ ಕೊಟ್ಟು ಹೋಗುತ್ತಿದ್ದ. ಅವಳು ಚಪ್ಪಲಿಗೆ ಕಾಲು ಹಾಕಿದಳು. ಆಗ ಹೇಳಿದೆ.

“ಹೋಗಬೇಡ ಅಕ್ಕ. ಅವನದಲ್ಲ. ಸಾರಿನ ಪುಡೀಲಿದೆ.”

“ಏನಿದೆ?”

“ನಿತ್ಯಕಲ್ಯಾಣಿ.”

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯ ಮೇಲೆ ಕುಳಿತಳು. ಬೈಯುತ್ತಾಳೆ ಎಂದು ಕಾದೆ.

“ಎಷ್ಟು?”

“ಎರಡು ಹಿಡಿ. ಇಡೀ ಡಬ್ಬಿಗೆ.”

“ಎಷ್ಟು ದಿನದಿಂದ?”

“ಪೊಂಗಲ್ ಆದ ವಾರದಿಂದ.”

ಅವಳು ಬೆರಳೆಣಿಸಿದಳು. ಆಮೇಲೆ ತುಂಬ ಮೆಲ್ಲಗೆ, “ಅದಾದ ಮೇಲೆ ನಾನು ಸಹಿ ಹಾಕಿದೀನಿ ಕಣೇ. ಇಲ್ಲ ಅಂತ ಬರೆದು ಸಹಿ ಹಾಕಿದೀನಿ. ನನ್ನ ಕೈಲಿ ಸುಳ್ಳು ಹೇಳಿಸಿದ್ಯಲ್ಲೇ” ಎಂದಳು.

ಆ ಮಾತು ಏನೆಂದು ಹೊರಗಿನವರಿಗೆ ಅಷ್ಟಾಗಿ ತಿಳಿಯಲಿಕ್ಕಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅವಳು ಇನ್ಶೂರೆನ್ಸ್ ಕಚೇರಿಯಲ್ಲಿ ಕೂತು ನೋಡಿದ್ದು ಇದನ್ನೇ. ಕಾಯಿಲೆ ಮುಚ್ಚಿಟ್ಟು ಪಾಲಿಸಿ ಮಾಡಿಸಿದವರು, ಅವರು ಹೋದ ಮೇಲೆ ಬಂದು ಅಳುವ ಮನೆಯವರು. ಸಂಜೆ ಕಾಫಿ ಕುಡಿಯುತ್ತ, “ಈ ದಿನವೂ ಒಬ್ಬಳು ಬಂದಿದ್ದಳು, ಅವಳಿಗೇನೂ ಗೊತ್ತೇ ಇರಲಿಲ್ಲ ಪಾಪ” ಎಂದು ಹೇಳುತ್ತಿದ್ದಳು. ಬೇರೆಯವರು ಮುಚ್ಚಿಟ್ಟಿದ್ದಕ್ಕೆ ಗೊತ್ತಿಲ್ಲದೆ ಸಿಕ್ಕಿಬಿದ್ದವರನ್ನು ಕಂಡರೆ ಅವಳಿಗೆ ಮರುಕ. ಈಗ ಅವರ ಸಾಲಿನಲ್ಲಿ ಅವಳನ್ನು ನಾನು ನಿಲ್ಲಿಸಿದ್ದೆ.

“ಪೆನ್ನು ತಗೋ. ಏನೇನು ಹಾಕಿದೆ ಎಲ್ಲಾ ಬರಿ. ನಿನ್ನ ಕೈಯಲ್ಲೇ ಬರಿ.”

ಆ ಹಾಳೆಯನ್ನೂ, ಒಂದು ಕವರಿನಲ್ಲಿ ಪುಡಿಯನ್ನೂ ಅಂದೇ ಒಯ್ದೆವು. ಡಾಕ್ಟರಮ್ಮ ಓದಿದರು. ಅವರೂ ಬೈಯಲಿಲ್ಲ. ನಾನೂ ಅದೇ ಸಾರು ತಿಂದೆ ಎಂದು ಕೇಳಿ, ಮೊದಲು ನನ್ನ ಸಕ್ಕರೆಯನ್ನೂ ಬಿ.ಪಿ.ಯನ್ನೂ ನೋಡಿಸಿದರು. ಎರಡೂ ಇಳಿದಿದ್ದವು.

“ನಿಮ್ಮ ಯೋಚನೆ ಪೂರಾ ತಪ್ಪಲ್ಲ ಅಮ್ಮಾ” ಎಂದರು ತಮಿಳಿನಲ್ಲಿ. “ನಾವು ಕೊಡೋ ಎಷ್ಟೋ ಔಷಧಿ ಗಿಡದಿಂದಲೇ ಬಂದದ್ದು. ಆದರೆ ರಾಶಿ ರಾಶಿ ಎಲೆಯಿಂದ ಚಿಟಿಕೆಗಿಂತ ಕಮ್ಮಿ ತೆಗೀತಾರೆ. ಅದನ್ನ ಶುದ್ಧ ಮಾಡಿ, ಇವರ ಮೈಗೆ ಎಷ್ಟು ಅಂತ ಅಳೆದು, ನರಕ್ಕೆ ಕೊಡ್ತೀವಿ. ಅಷ್ಟಕ್ಕೇ ಬೆರಳು ಮರಗಟ್ಟತ್ತೆ. ಹಸಿ ಎಲೇಲಿ ಅದೊಂದೇ ಇರಲ್ಲ, ಹತ್ತಾರು ಇರತ್ತೆ. ಒಂದು ಬಿ.ಪಿ. ಇಳಿಸತ್ತೆ, ಒಂದು ರಕ್ತಕಣ ಕೊಲ್ಲತ್ತೆ. ನಿಮ್ಮ ಚಮಚದಲ್ಲಿ ಯಾವುದು ಎಷ್ಟಿತ್ತು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಲಿವರ್ ಸೋತಿರುವಾಗ ನಾನು ನನ್ನ ಅಳತೆ ಕೊಟ್ಟಿದ್ದರೆ, ಅದು ಮೈಯಿಂದ ಹೋಗದೆ ನಿಂತುಬಿಡೋದು.”

“ಅರಿಶಿನ?” ಎಂದೆ. ನಾಚಿಕೆಯಾದರೂ ಕೇಳಬೇಕಿತ್ತು.

“ಸಾಂಬಾರಿಗೆ ಹಾಕೋಷ್ಟು ಹಾಕಿ. ಗಾಜಿನ ತಟ್ಟೇಲಿ ಅದು ಕ್ಯಾನ್ಸರ್ ಕಣ ಕೊಂದಿದೆ, ಸುಳ್ಳಲ್ಲ. ಮನುಷ್ಯರ ಹೊಟ್ಟೆಗೆ ಹೋದರೆ ರಕ್ತಕ್ಕೆ ಸೇರೋದೇ ಕಷ್ಟ. ಮೆಣಸು ಸೇರಿಸಿದರೆ ಸ್ವಲ್ಪ ಸೇರತ್ತೆ, ಆದರೆ ಆ ಮೆಣಸೇ ನಮ್ಮ ಮಾತ್ರೆಗಳ ಲೆಕ್ಕವನ್ನೂ ಏರುಪೇರು ಮಾಡಬಹುದು. ಇನ್ನೂ ನೋಡ್ತಾ ಇದಾರೆ. ನಾಳೆ ಏನಾದರೂ ಸಿಗಬಹುದು. ಈ ದಿನ ನಿಮ್ಮ ಅಕ್ಕನಿಗೆ ಕೊಡೋಕೆ ನನ್ನ ಹತ್ತಿರ ಸಾಕ್ಷಿ ಇಲ್ಲ.”

ಹೊರಗೆ ಬಂದ ಮೇಲೆ ಅಕ್ಕ ಅಂದದ್ದು ಒಂದೇ ಮಾತು: “ಅವರು ಗೊತ್ತಿಲ್ಲ ಅಂತ ಎಷ್ಟು ಸಲ ಹೇಳಿದರು ನೋಡಿದ್ಯಾ? ನಿನ್ನ ಫೋನಿನವರು ಒಂದು ಸಲನಾದರೂ ಹೇಳಿದಾರಾ?”

ಡ್ರಿಪ್ಪು ಎರಡು ವಾರ ಮುಂದಕ್ಕೆ ಹೋಯಿತು. ಆ ಎರಡು ವಾರ ಅಕ್ಕ ನನ್ನ ಸಾರು ತಿನ್ನಲಿಲ್ಲ. ಮೊಸರನ್ನ ತಿಂದಳು, ಕೆಳಗಿನ ಮೆಸ್ಸಿನಿಂದ ಇಡ್ಲಿ ತರಿಸಿಕೊಂಡಳು. ಮುನಿಸೂ ತೋರಿಸಲಿಲ್ಲ. ಹುಕ್ಕು ಹಾಕಲು ಬೆನ್ನು ಕೊಟ್ಟು ನಿಲ್ಲುತ್ತಿದ್ದಳು, ನಾನು ಹಾಕುತ್ತಿದ್ದೆ. ನನ್ನ ಕೈಗೆ ಅವಳ ಬೆನ್ನು ಸಿಗುತ್ತಿತ್ತು, ಮುಖ ಸಿಗುತ್ತಿರಲಿಲ್ಲ.

ಆ ಪುಡಿಯನ್ನು ಚೆಲ್ಲಿ ಡಬ್ಬಿ ತೊಳೆದು ಬಿಸಿಲಿಗಿಟ್ಟೆ. ಹೊಸ ಪುಡಿ ಹುರಿಯುವ ದಿನ ಅಕ್ಕ ಕುರ್ಚಿ ಎಳೆದುಕೊಂಡು ಅಡುಗೆಮನೆಗೆ ಬಂದಳು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಒಂದೊಂದೂ ಬಾಣಲೆಗೆ ಬೀಳುವುದನ್ನು ನೋಡಿದಳು. “ಮೆಂತ್ಯ ಇಷ್ಟೇನಾ ಹಾಕೋದು? ನಾನು ಇನ್ನೂ ಜಾಸ್ತಿ ಅಂದ್ಕೊಂಡಿದ್ದೆ” ಎಂದಳು. ಮಿಲ್ಲಿಗೂ ಜೊತೆಯಲ್ಲಿ ಬಂದಳು. ಮನೆಗೆ ಬಂದು ಒಂದು ಬಿಳಿ ಚೀಟಿ ತೆಗೆದು ಬರೆಯಲು ಕೂತಳು. ಮರಗಟ್ಟಿದ ಬೆರಳು, ಪೆನ್ನು ಎರಡು ಸಲ ಜಾರಿ ಬಿತ್ತು. ಕಚೇರಿಯಲ್ಲಿ ಮುತ್ತಿನಂಥ ಅಕ್ಷರ ಎನ್ನಿಸಿಕೊಂಡವಳು. ನಾನು ಬರೆಯುತ್ತೇನೆ ಎಂದರೆ ಕೇಳಲಿಲ್ಲ.

ಮೆಣಸಿನಕಾಯಿ, ಧನಿಯ, ಜೀರಿಗೆ, ಕಾಳುಮೆಣಸು, ಮೆಂತ್ಯ, ಕರಿಬೇವು, ಅರಿಶಿನ. ಬೇರೇನೂ ಇಲ್ಲ.

ಕೆಳಗೆ ಎರಡು ಗೆರೆ ಎಳೆದಳು. ಒಂದರ ಮೇಲೆ ತನ್ನ ಸಹಿ ಹಾಕಿದಳು. “ಇಲ್ಲಿ ನೀನು ಹಾಕು” ಎಂದು ಇನ್ನೊಂದರ ಮೇಲೆ ಬೆರಳಿಟ್ಟಳು.

“ಕೈ ಎಣ್ಣೆಯಾಗಿದೆ, ಆಮೇಲೆ ಹಾಕ್ತೀನಿ” ಎಂದೆ. ಕೈ ಎಣ್ಣೆಯಾಗಿರಲಿಲ್ಲ. ಅವಳು ನೋಡಿದಳು, ಒತ್ತಾಯ ಮಾಡಲಿಲ್ಲ. ಚೀಟಿ ಅಂಟಿಸಿದಳು. ಆ ಮಧ್ಯಾಹ್ನ ಸಾರು ಕಲೆಸಿಕೊಂಡು ಉಂಡಳು. “ಉಪ್ಪು ಕಮ್ಮಿ” ಎಂದಳು. ನನಗೆ ಅಷ್ಟು ಸಾಕಾಗಿತ್ತು.

ಡ್ರಿಪ್ಪುಗಳು ಮುಗಿದವು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಅಕ್ಕನ ತಲೆಯಲ್ಲಿ ಮಕ್ಕಳ ಕೂದಲಿನಂಥ ಕೂದಲು ಬಂತು. ಸಂಜೆ ಬೀಚಿನ ತನಕ ನಡೆದು ಹೋಗಿ ಬರುತ್ತಿದ್ದೆವು. ಆಮೇಲೆ ಅದು ಹೊಟ್ಟೆಯಲ್ಲಿ ಮರಳಿ ಬಂತು. ಎರಡನೆಯ ಸಲದ ಔಷಧಿಗಳು ಬೇರೆ, ಅವು ಹಿಡಿಯಲಿಲ್ಲ. ಆ ದಿನಗಳನ್ನು ಬರೆಯುವ ಶಕ್ತಿ ನನಗೆ ಇನ್ನೂ ಬಂದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಕೊನೆಯ ತನಕ ಆ ಹಾಳೆಯನ್ನು ಅವಳೇ ಓದಿದಳು. ನಾಟಿ ಮದ್ದು ಎಂಬಲ್ಲಿಗೆ ಬಂದಾಗ ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು. ನಾನು ಇಲ್ಲ ಎಂದು ತಲೆಯಾಡಿಸಿದ ಮೇಲೆ ಗುರುತು ಹಾಕುತ್ತಿದ್ದಳು.

ಅವಳ ಕರ್ಮಗಳೆಲ್ಲ ಮುಗಿದ ಮೇಲೆ, ಒಡೆಯದೆ ಉಳಿದ ಮಾತ್ರೆಗಳನ್ನು ಹಿಂತಿರುಗಿಸುವ ನೆಪದಲ್ಲಿ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಗುರುತು ಹಿಡಿದು ಕೂರಿಸಿಕೊಂಡರು. ಕೇಳಿದೆ. “ಆ ಎರಡು ವಾರ ತಡ ಆಗದಿದ್ದರೆ ಅಕ್ಕ ಇರ್ತಿದ್ದಳಾ?”

ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು. “ಜ್ವರ ಬಂತು ಅಂತ, ರಕ್ತ ಕಮ್ಮಿ ಅಂತ ನಾವೇ ಎಷ್ಟೋ ಜನಕ್ಕೆ ಒಂದೆರಡು ವಾರ ಮುಂದೆ ಹಾಕ್ತೀವಿ. ಅವರಲ್ಲಿ ಚೆನ್ನಾಗಿರೋರು ಇದಾರೆ. ಒಂದು ದಿನವೂ ತಪ್ಪದೆ ಬಂದವರಿಗೂ ಕಾಯಿಲೆ ಮರಳಿ ಬಂದಿದೆ. ನಿಮ್ಮಿಂದ ಆಯ್ತು ಅಂತ ಹೇಳಲಾರೆ. ಏನೂ ಆಗಲಿಲ್ಲ ಅಂತಲೂ ಹೇಳಲಾರೆ. ಗೊತ್ತಿಲ್ಲ ಅಮ್ಮಾ.”

ಏಳುವಾಗ ಅವರೇ ಮತ್ತೆ ಹೇಳಿದರು. “ನಿಮ್ಮ ಅಕ್ಕ ಬಂದ ಮೇಲೆ ನಾನು ಕೇಳೋದನ್ನ ಬದಲಾಯಿಸಿದೀನಿ. ಬೇರೆ ಔಷಧಿ ಇದೆಯಾ ಅಂತ ಕೇಳಿ ಸುಮ್ಮನಾಗಲ್ಲ. ಮನೇಲಿ ಅಡುಗೆ ಯಾರದು ಅಂತ ಕೇಳಿ, ಅವರನ್ನೂ ಒಳಗೆ ಕರೀತೀನಿ.”

ಸಮಾಧಾನಕ್ಕೆಂದು ಹೋದವಳು ಗೊತ್ತಿಲ್ಲ ಎಂಬ ಮಾತನ್ನು ಹೊತ್ತು ಮನೆಗೆ ಬಂದೆ. ಮೊದಮೊದಲು ಅದು ಹೊರಲಾಗದ ಭಾರವಾಗಿತ್ತು. ಇಲ್ಲ, ನಿಮ್ಮದೇನೂ ತಪ್ಪಿಲ್ಲ ಎಂದು ಅವರು ಹೇಳಿಬಿಡಬಾರದಿತ್ತೇ ಎಂದು ಅತ್ತಿದ್ದೇನೆ. ಈಗ ಬೇರೆ ಯೋಚನೆ ಬರುತ್ತದೆ. ಹಾಗೆ ಹೇಳಿದ್ದರೆ ಅವರನ್ನು ಅಕ್ಕ ನಂಬುತ್ತಿರಲಿಲ್ಲ.

ತಾರಸಿಯ ನಿತ್ಯಕಲ್ಯಾಣಿ ಹಾಗೇ ಇದೆ. ಕಿತ್ತೆಸೆಯಬೇಕೆಂದು ಒಂದು ದಿನ ಬಕೆಟ್ಟಿಗೆ ಕೈ ಹಾಕಿದ್ದೆ, ಬಿಟ್ಟೆ. ಗಿಡ ಏನು ಮಾಡಿತು? ಅದರಿಂದ ಬದುಕಿದವರೂ ಇದ್ದಾರೆ, ಅಕ್ಕನಿಗೂ ಬೀಚಿಗೆ ನಡೆಯುವಷ್ಟು ದಿನಗಳನ್ನು ಅದು ಕೊಟ್ಟಿತು. ನೀರು ಹಾಕುತ್ತೇನೆ. ದೇವರಿಗೆ ಎರಡು ಹೂ ಕೀಳುತ್ತೇನೆ, ಎಲೆ ಮುಟ್ಟುವುದಿಲ್ಲ.

ಅಕ್ಕ ನೋಡಿ ಮಾಡಿಸಿದ ಪುಡಿ ಎಂದೋ ಮುಗಿದಿತ್ತು. ಆಮೇಲೆ ಮಾಡಿದ್ದೂ ಮುಗಿದು, ಒಬ್ಬಳಿಗೆ ಎಂಥ ಸಾರು ಎಂದು ಡಬ್ಬಿ ಖಾಲಿ ಬಿದ್ದಿತ್ತು. ಹೋದ ವಾರ ಹುರಿದೆ. ಮಿಲ್ಲಿನವನು ಪುಡಿಯನ್ನು ಬೆರಳಲ್ಲಿ ತಿಕ್ಕಿ, “ಈಗ ಸರಿಯಾದ ಬಣ್ಣ ಮಾಮಿ” ಎಂದ. ಅವನಿಗೂ ಹೇಳಿದೆ, ಅಂದು ಕರಿಬೇವಲ್ಲ ಎಂದು. ಅವನಿಗೆ ಯಾವಾಗಿನದು ಎಂದು ನೆನಪಾಗಲಿಲ್ಲ.

ಡಬ್ಬಿ ತುಂಬಿ ಮುಚ್ಚಳ ಹಾಕಿದೆ. ಚೀಟಿಯ ಅಂಚು ಹಳದಿಯಾಗಿದೆ, ಅಕ್ಕನ ಸಹಿ ಸ್ವಲ್ಪ ಹರಡಿದೆ. ಪಕ್ಕದ ಗೆರೆ ಖಾಲಿಯಿತ್ತು. ಕೈ ತೊಳೆದು, ಒರೆಸಿ, ಅವಳ ಪೆನ್ನು ತಂದೆ. ಅವಳು ತೋರಿಸಿದ ಕಡೆಯೆಲ್ಲ ನಾನು ಓದದೆ ಸಹಿ ಹಾಕಿದವಳು. ಈ ಸಲ ಒಂದೊಂದು ಹೆಸರಿನ ಕೆಳಗೂ ಪೆನ್ನು ಹಿಡಿದು ನಿಧಾನವಾಗಿ ಓದಿದೆ, ಬೇರೇನೂ ಇಲ್ಲ ಎಂಬ ಕೊನೆಯ ಎರಡು ಪದಗಳ ತನಕ. ಆಮೇಲೆ ಸಹಿ ಹಾಕಿದೆ.